ಖಾಲಿ ಗಾಡಿ ಮತ್ತು ಏಳು ಸಾವಿರದ ಈಳಿಗೆಮಣೆ

ನಮ್ಮ ಅಡುಗೆಮನೆಯಲ್ಲಿ ಒಂದು ಈಳಿಗೆಮಣೆ ಇದೆ. ಅದಕ್ಕೆ ನಾನು ತೆತ್ತ ಬೆಲೆ ಏಳು ಸಾವಿರ ರೂಪಾಯಿ ಚಿಲ್ಲರೆ.

ನಗಬೇಡಿ. ಶಿಕಾರಿಪುರದ ಸಂತೆಯಲ್ಲಿ ಮುನ್ನೂರು ಹೇಳುತ್ತಾರೆ. ನೀವು ಹೋದರೆ ಇನ್ನೂರೈವತ್ತಕ್ಕೆ ಕೊಡುತ್ತಾರೆ. ನಾನು ಹೋದರೆ ಇನ್ನೂ ಕಡಿಮೆಗೆ ಕೊಟ್ಟು, ಮೇಲೊಂದು ಕಾಯಿ ತುರಿಯುವ ಹಲ್ಲನ್ನೂ ಸೇರಿಸುತ್ತಾರೆ. ಅಂಥವನು ಏಳು ಸಾವಿರ ಕೊಟ್ಟೆ. ಯಾಕೆ ಅಂದರೆ, ಆ ಈಳಿಗೆ ಹೋದ ತಿಂಗಳವರೆಗೆ ನನ್ನ ಪಿಕಪ್ ಗಾಡಿಯ ಹಿಂದಿನ ಕಮಾನಿನಲ್ಲಿ ಒಂದು ಪಟ್ಟಾ ಆಗಿತ್ತು.

ಗಾಡಿ ಇಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿರುತ್ತಾರೆ. ಅದೇ ಕಮಾನು. ಒಂದೊಂದು ಪಟ್ಟಿಗೆ ಪಟ್ಟಾ ಅನ್ನುತ್ತಾರೆ. ಗಾಡಿ ಭಾರ ಹೊತ್ತಾಗ ಈ ಪಟ್ಟಾಗಳು ಬಾಗಿ, ರಸ್ತೆಯ ಏಟನ್ನೆಲ್ಲ ತಾವೇ ನುಂಗಿಕೊಳ್ಳುತ್ತವೆ. ಭಾರ ಇಲ್ಲದಾಗ? ಬಾಗುವುದೇ ಇಲ್ಲ. ಒಂದು ಸಣ್ಣ ಕಲ್ಲು ಸಿಕ್ಕಿದರೂ ಗಾಡಿಯ ಹಿಂಭಾಗ ಕಟ್ಟು ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತದೆ. ಅದನ್ನು ಮಾಡಿದವರು ಟನ್ನುಗಟ್ಟಲೆ ಲೋಡಿಗೆ ಅಂತ ಮಾಡಿದ್ದಾರೆ. ನಿಮ್ಮ ನನ್ನ ಸೊಂಟಕ್ಕೆ ಅಂತ ಮಾಡಿಲ್ಲ.

ನನ್ನ ವ್ಯಾಪಾರ ಹಿಂಡಿ, ಬೂಸಾದ್ದು. ಸೈಕಲ್ ಕ್ಯಾರಿಯರ್ ಮೇಲೆ ಒಂದು ಚೀಲ ಇಟ್ಟು ಹಾಲಿನ ಮನೆಗಳಿಗೆ ತಿರುಗಿದವನು, ಈಗ ಗಾಡಿ ತುಂಬ ಚೀಲ ಹೇರಿಕೊಂಡು ಶಿಕಾರಿಪುರ ಬಿಟ್ಟು, ಶಿರಾಳಕೊಪ್ಪ ದಾಟಿ, ಸೊರಬದ ಆಚೆ ಕ್ಯಾಸನೂರು ಕಡೆಯ ಹಳ್ಳಿಗಳವರೆಗೆ ಹೋಗಿ ಹಾಕಿ ಬರುತ್ತೇನೆ. ವಾರಕ್ಕೆ ಎರಡು ಸಲ. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ.

ಎಡಗಡೆ ಸೀಟಿನಲ್ಲಿ ನನ್ನ ಹೆಂಡತಿ ಸರೋಜ.

ಅವಳು ಯಾಕೆ ಬರುತ್ತಾಳೆ ಅಂತ ಕೇಳುವವರು ಬಹಳ. ದುಡ್ಡು ಎಣಿಸೋಕೆ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಹೋಗುವಾಗ ಅವಳು ನಿದ್ದೆ ಮಾಡುತ್ತಾಳೆ. ಲೋಡ್ ಕುಂತ ಪಿಕಪ್ ಅಂದರೆ ತೊಟ್ಟಿಲು. ಬೆಳಗಿನ ಹೊತ್ತು, ಕೆರೆಗಳ ಮೇಲೆ ಮಂಜು ಇನ್ನೂ ಎದ್ದಿರುವುದಿಲ್ಲ, ಮೆಕ್ಕೆಜೋಳದ ಹೊಲಗಳ ತುದಿಯಲ್ಲಿ ಬಿಸಿಲು ಈಗಷ್ಟೇ ಕೂತಿರುತ್ತದೆ. ಗಾಡಿ ಒಮ್ಮೆ ಏಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಶಿರಾಳಕೊಪ್ಪ ಬರುವ ಮೊದಲೇ ಅವಳ ತಲೆ ಕಿಟಕಿಗೆ ಒರಗಿರುತ್ತದೆ. ಬಳ್ಳಿಗಾವಿ ತಿರುವಿನಲ್ಲಿ ನಾನೂ ಅರ್ಧ ಕನಸಿನಲ್ಲಿರುತ್ತೇನೆ. (ಪೊಲೀಸರು ಈ ಸಾಲನ್ನು ಓದಬಾರದು.) ಅಲ್ಲಿನ ಗುಡಿಯ ಆ ನುಣುಪು ಕಂಬಗಳ ಕಲ್ಲು ಯಾವ ಗಾಡಿಯಲ್ಲಿ ಬಂತೋ, ಆ ಗಾಡಿಗೆ ಕಮಾನು ಇತ್ತೋ ಇಲ್ಲವೋ, ಎತ್ತು ಹೊಡೆದವನ ಸೊಂಟ ಏನಾಯಿತೋ ಅಂತ ಯೋಚಿಸುತ್ತ ಹೋಗುತ್ತೇನೆ. ಸೊರಬ ಬಂದದ್ದೇ ಗೊತ್ತಾಗುವುದಿಲ್ಲ.

ಬರುವಾಗ ಮಾತು. ಖಾಲಿ ಗಾಡಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲವಲ್ಲ? ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದುಕೊಂಡು, ನೆಗೆತಕ್ಕೊಂದು ಮಾತಿನ ಹಾಗೆ ಅವಳು ಆ ದಿನದ ವ್ಯಾಪಾರವನ್ನೆಲ್ಲ ಬಿಚ್ಚುತ್ತಾಳೆ. ಆ ಗೌಡರಿಗೆ ಉದ್ರಿ ಕೊಡಬೇಡ್ರಿ, ಅವರ ಹೆಂಡತಿ ಕಣ್ಣು ತಪ್ಪಿಸಿ ಮಾತಾಡಿದರು. ಈ ಹೊಸ ಹುಡುಗನಿಗೆ ಕೊಡಿ, ಕೊಟ್ಟಿಗೆ ಕನ್ನಡಿ ಹಾಗೆ ಇಟ್ಟಿದ್ದಾನೆ. ನಾನು ಚೌಕಾಸಿಗಾರ ಅಂತ ಊರೆಲ್ಲ ಹೆಸರು. ಆದರೆ ಯಾರ ಹತ್ತಿರ ಚೌಕಾಸಿ ಮಾಡಬೇಕು, ಯಾರ ಹತ್ತಿರ ಬಾಯಿ ಮುಚ್ಚಿಕೊಂಡು ಕೊಟ್ಟು ಬರಬೇಕು ಅನ್ನುವುದು ಆ ಎಡಗಡೆ ಸೀಟಿನಲ್ಲೇ ತೀರ್ಮಾನವಾಗಿದೆ. ನಮ್ಮ ಮಗಳಿಗೆ ಗಂಡು ಒಪ್ಪಿದ್ದೂ ಅಲ್ಲೇ. ಮನೆಯಲ್ಲಿ ಮಾತಾಡೋಕೆ ಎಲ್ಲಿ ಪುರುಸೊತ್ತು? ನನಗೆ ಫೋನು, ಅವಳಿಗೆ ಒಲೆ.

ಹೀಗಿರುವಾಗ ಒಂದು ಸಂಜೆ ಗಾಡಿ ಮನೆ ಮುಂದೆ ನಿಂತಿತು. ಸರೋಜ ಇಳಿಯಲಿಲ್ಲ. ಬಾಗಿಲು ಹಿಡಿದುಕೊಂಡು ಸೊಂಟ ನೀವಿಕೊಂಡಳು. ಆಮೇಲೆ ಹೇಳಿದಳು:

"ನನ್ನ ನಡ ಹೋತ್ರೀ. ಇನ್ ಮ್ಯಾಲೆ ನೀವೊಬ್ರೇ ಹೋಗ್ ಬರ್ರಿ."

ಡಾಕ್ಟರ ಹತ್ತಿರ ಹೋದೆವು. ಮೂಳೆಗೆ ಏನೂ ಆಗಿಲ್ಲ, ಕುಲುಕಾಟ ಕಡಿಮೆ ಮಾಡಿ ಅಂದರು. ಗುಳಿಗೆ ಕೊಟ್ಟರು. ಗುಳಿಗೆ ಮುಗಿಯಿತು, ನೋವು ಕಡಿಮೆಯಾಯಿತು, ಅವಳು ಗಾಡಿ ಹತ್ತಲಿಲ್ಲ. ನಾನು ಒಬ್ಬನೇ ಹೋಗಿ ಬರತೊಡಗಿದೆ. ಬರುವಾಗ ಎಡಗಡೆ ಸೀಟಿನಲ್ಲಿ ನೀರಿನ ಬಾಟಲಿ ಕುಣಿಯುತ್ತಿತ್ತು. ಅದರ ಜೊತೆ ಎಷ್ಟು ಅಂತ ಮಾತಾಡುವುದು?

ನಾನು ಕೈಕಟ್ಟಿ ಕೂರುವ ಪೈಕಿ ಅಲ್ಲ. ಮೊದಲು ಸೀಟಿಗೆ ಎರಡು ಕೌದಿ ಮಡಿಸಿ ಹಾಸಿದೆ. ಮನೆ ಮುಂದೆಯೇ ಕೂರಿಸಿ ನೋಡಿದರೆ ಅವಳ ತಲೆ ಗಾಡಿಯ ಚಾವಣಿಗೆ ತಾಗಿತು. ಆಮೇಲೆ ಹಿಂದಿನ ಟೈರುಗಳ ಗಾಳಿ ಇಳಿಸಿ, ಒಂದು ಭಾನುವಾರ ಅವಳನ್ನು ಪುಸಲಾಯಿಸಿ ಅಂಬ್ಲಿಗೊಳದ ಕಡೆ ಕರೆದುಕೊಂಡು ಹೋದೆ. ಟ್ರಯಲ್. ಗಾಳಿ ಇಳಿಸಿದ್ದು ಕೆಲಸ ಮಾಡಿತ್ತು, ಏಟು ಸ್ವಲ್ಪ ಮೆತ್ತಗಾಗಿತ್ತು. ಜಲಾಶಯದ ಹತ್ತಿರ ಗಾಡಿ ನಿಲ್ಲಿಸಿದೆ. ನೀರು ಅಲುಗದೆ ಮಲಗಿತ್ತು. ಆಚೆ ದಡದ ಗುಡ್ಡ ನೀರಿನೊಳಗೆ ತಲೆಕೆಳಗಾಗಿ ನಿಂತಿತ್ತು, ಅದರ ತುದಿಯ ಮೇಲೆ ಒಂದು ಬೆಳ್ಳಕ್ಕಿ ನಡೆದುಹೋಯಿತು. ಇಬ್ಬರೂ ಬಹಳ ಹೊತ್ತು ನೋಡಿದೆವು. ಹೇಗಿದೆ ಈಗ ಗಾಡಿ ಅಂತ ಕೇಳಿದೆ.

"ನಿಂತಾಗ ಭಾಳ ಚಲೋ ಐತಿ," ಅಂದಳು.

ಅಷ್ಟೇ. ಅವತ್ತೇ ಹಟ ಹಿಡಿದೆ. ಈ ಕಮಾನಿಗೆ ಬುದ್ಧಿ ಕಲಿಸುತ್ತೇನೆ.

ಸೊರಬದಲ್ಲಿ ಸಲೀಮ್ ಅಂತ ಒಬ್ಬ ಮೆಕ್ಯಾನಿಕ್. ನನ್ನಷ್ಟೇ ವ್ಯಾಪಾರಸ್ಥ. ಅವನು ಗಾಡಿ ಕೆಳಗೆ ನುಗ್ಗಿ ಎದ್ದು ಬಂದು ದೊಡ್ಡ ಪಟ್ಟಿ ಹೇಳಿದ. ಪಟ್ಟಾಗಳ ನಡುವೆ ತುಕ್ಕು ಹಿಡಿದಿದೆ, ಬಿಚ್ಚಿ ಉಜ್ಜಬೇಕು. ಕಮಾನಿನ ತುದಿಯ ರಬ್ಬರ್ ಬುಷ್ ಒಣಗಿವೆ, ಬದಲಿಸಬೇಕು. ಶಾಕ್ ಅಬ್ಸಾರ್ಬರ್ ಒಂದು ಎಣ್ಣೆ ಕಾರುತ್ತಿದೆ. ಕೇಳಿದ ದುಡ್ಡನ್ನು ನಾನು ಅರ್ಧಕ್ಕೆ ತಂದೆ, ಅವನು ಅಳುಮುಖ ಮಾಡಿದ, ನಾನು ಎದ್ದು ಹೊರಟಂತೆ ಮಾಡಿದೆ. ಇದೆಲ್ಲ ನಮ್ಮ ಕಡೆಯ ಮಾಮೂಲಿ. ಕೊನೆಗೆ ನನಗೇ ಒಂದು ಐಡಿಯಾ ಹೊಳೆಯಿತು. ಗಟ್ಟಿ ಆಗಿರುವುದು ಪಟ್ಟಾ ಜಾಸ್ತಿ ಇರುವುದಕ್ಕೆ ತಾನೆ? ಹಾಗಾದರೆ ಆ ಕಡೆ ಒಂದು, ಈ ಕಡೆ ಒಂದು ತೆಗೆದುಬಿಟ್ಟರೆ? ಉಜ್ಜುವುದೂ ಬೇಡ, ಬುಷ್ಷೂ ಬೇಡ. ಬರೀ ಬಿಚ್ಚುವ ಕೂಲಿ.

ಸಲೀಮ್ ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದ.

"ತೆಗಿ ಅಂದ್ರೆ ತೆಗಿತೀನಿ ಸಾವ್ಕಾರ್ರೇ. ಕೂಲಿ ಕೊಡೋರು ನೀವು. ನಾಳೆ ಲೋಡಿಗೆ ಗಾಡಿ ಕೂತ್ಕಂಡ್ರೆ ಮಾತ್ರ ನನ್ನ ಹೆಸ್ರು ಹೇಳ್ಬೇಡಿ ಮಾರಾಯ್ರೆ."

ಹೆಸರು ಹೇಳುವುದಿಲ್ಲ ಅಂದೆ. (ಈಗ ಹೇಳುತ್ತಿದ್ದೇನೆ. ಆದರೆ ಅದು ಅವನ ನಿಜವಾದ ಹೆಸರಲ್ಲ, ಹಾಗಾಗಿ ಮಾತು ಉಳಿಸಿಕೊಂಡಂತೆಯೇ.)

ಎರಡು ಪಟ್ಟಾ ಈಚೆ ಬಂದವು. ಗಾಡಿಯ ಹಿಂದೆ ಹಾಕಿಕೊಂಡು ಹೊರಟೆ. ಊರ ಅಂಚಿನಲ್ಲಿ ಕಾಳಾಚಾರ್ ಅವರ ಕುಲುಮೆ. ನಮ್ಮ ಕಡೆ ಒಬ್ಬ ಕಮ್ಮಾರನಿಗೆ ಕಮಾನ್ ಪಟ್ಟಾ ತೋರಿಸುವುದೂ ಒಂದೇ, ಬೆಕ್ಕಿಗೆ ಮೀನು ತೋರಿಸುವುದೂ ಒಂದೇ. ಕತ್ತಿ, ಕುಡುಗೋಲು, ಈಳಿಗೆ ಯಾವುದಕ್ಕೇ ಆಗಲಿ, ಇದಕ್ಕಿಂತ ಒಳ್ಳೆಯ ಉಕ್ಕು ಇಲ್ಲ. ಯಾರ ಮನೆಯಲ್ಲಿ ಒಳ್ಳೆಯ ಕತ್ತಿ ಕಂಡರೂ ಮೊದಲ ಪ್ರಶ್ನೆ ಇದೇ: ಯಾವ ಗಾಡಿ ಪಟ್ಟಾ? ಗುಜರಿಗೆ ಹಾಕಿದರೆ ಕಿಲೋ ಲೆಕ್ಕ. ಇಲ್ಲಿ ಹಾಗಲ್ಲ. ನಾನು ಕರಾರು ಹಾಕಿದೆ. ಎರಡು ಪಟ್ಟಾ ಅವರಿಗೆ ಬಿಟ್ಟೆ. ಅದರಲ್ಲೇ ನನಗೆ ಒಂದು ಈಳಿಗೆಮಣೆ, ಹಲಸಿನ ಮರದ ಮಣೆ ಸಮೇತ. ಉಳಿದ ಉಕ್ಕೆಲ್ಲ ಅವರದು. ಕೂಲಿ ಇಲ್ಲ. ಆಚಾರ್ರು ಪಟ್ಟಾವನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದು ಕೇಳಿ, ಆಗಲಿ ಅಂದರು.

ಅವತ್ತಿನ ಸಂಜೆಯನ್ನು ಏನಂತ ಹೇಳಲಿ? ಗಾಡಿ ದೋಣಿಯ ಹಾಗೆ ಹೋಯಿತು. ಗುಂಡಿಗಳು ಇದ್ದ ಕಡೆಯೇ ಇದ್ದವು, ನನಗೆ ತಾಗಲಿಲ್ಲ. ರಸ್ತೆ ಬದಿಯ ಅಕೇಶಿಯಾ ಮರಗಳು, ಹಳದಿ ಬಿಸಿಲು, ಮನೆಗೆ ಮರಳುವ ದನ, ಎಲ್ಲ ಗಾಜಿನ ಆಚೆ ತೇಲಿದವು. ಬಾಟಲಿ ಕೂಡ ಅಲುಗಾಡದೆ ಕೂತಿತ್ತು. ಹೆಂಡತಿ ವಾಪಸ್ ಬರುತ್ತಾಳೆ, ಜೊತೆಗೆ ಬಿಟ್ಟಿ ಈಳಿಗೆ. ಇದಕ್ಕಿಂತ ಒಳ್ಳೆಯ ವ್ಯಾಪಾರ ನಾನು ಜೀವನದಲ್ಲಿ ಮಾಡಿಲ್ಲ ಅನ್ನಿಸಿತು.

ಮನೆಗೆ ಬಂದು ಹೇಳಿದೆ. ಸರೋಜ ಅಕ್ಕಿ ಆರಿಸುತ್ತಿದ್ದಳು. ಮೊದಲು ಲೋಡ್ ಹಾಕಿಕೊಂಡು ಒಂದು ಸಲ ನೀವು ಹೋಗಿ ಬನ್ನಿ, ಆಮೇಲೆ ನೋಡೋಣ ಅಂದಳು. ನನಗೆ ಬೇಜಾರಾಯಿತು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಯಾರನ್ನೂ ಸುಲಭಕ್ಕೆ ನಂಬಬಾರದು ಅಂತ ಕಲಿಸಿದವಳು, ಕೊನೆಗೆ ನನ್ನನ್ನೇ ನಂಬಲಿಲ್ಲವಲ್ಲ?

ಮುಂದಿನ ಸರದಿಗೆ ಚೀಲ ಹೇರಿದೆವು. ಯಾವತ್ತಿನಷ್ಟೇ ಚೀಲ. ಹೇರುತ್ತ ಹೇರುತ್ತ ಗಾಡಿಯ ಹಿಂಭಾಗ ಇಳಿಯಿತು, ಇನ್ನೂ ಇಳಿಯಿತು. ಮೂತಿ ಆಕಾಶ ನೋಡಿತು. ಮೆತ್ತಗಾಗಿದೆ, ಅದಕ್ಕೇ ಹೀಗೆ ಅಂದುಕೊಂಡು ಹೊರಟೆ.

ಬಳ್ಳಿಗಾವಿ ತಿರುವು ಬಂತು. ತಿರುಗಿಸಿದೆ. ಹಿಂದಿನಿಂದ ಕೊರ್ ಅಂತ ಸದ್ದು, ಜೊತೆಗೆ ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ ಕಮಾನು ಬಿಲ್ಲಿನ ಆಕಾರ ಬಿಟ್ಟು ಉಲ್ಟಾ ಬಾಗಿದೆ. ಟೈರು ಗಾಡಿಯ ತಳಕ್ಕೆ ಉಜ್ಜುತ್ತಿದೆ. ಇನ್ನೊಂದು ಗುಂಡಿ ಸಿಕ್ಕಿದ್ದರೆ ಟೈರ್ ಒಡೆದು ಗಾಡಿ ಹೊಲಕ್ಕೆ ಹೋಗುತ್ತಿತ್ತು. ಒಳಗೆ ನಾನಿರುತ್ತಿದ್ದೆ. ಪುಣ್ಯಕ್ಕೆ ಅವಳಿರಲಿಲ್ಲ.

ಅರ್ಧದಷ್ಟು ಚೀಲ ಇಳಿಸಿ ರಸ್ತೆ ಬದಿಯ ಮರದ ಕೆಳಗೆ ಒಟ್ಟಿದೆ. ಸೊರಬದ ಒಂದು ಗೂಡ್ಸ್ ಆಟೋದವನಿಗೆ ಫೋನ್ ಮಾಡಿದೆ, ಮಧ್ಯಾಹ್ನದ ಮೇಲೆ ಬರುತ್ತೇನೆ ಅಂದ. ಆಮೇಲೆ ಮನೆಗೆ ಫೋನ್ ಮಾಡಿ, ಏನೂ ಗಾಬರಿ ಇಲ್ಲ, ಬಳ್ಳಿಗಾವಿ ತಿರುವಿನಲ್ಲಿ ಗಾಡಿ ಸ್ವಲ್ಪ ಕೂತಿದೆ, ನಾನು ಬರುವುದು ತಡವಾಗುತ್ತದೆ ಅಂದೆ. ಒಂದು ತಾಸಿಗೆ ಒಂದು ಬಸ್ಸು ತಿರುವಿನಲ್ಲಿ ನಿಂತಿತು. ಬುತ್ತಿಯ ಚೀಲ ಹಿಡಿದುಕೊಂಡು ಸರೋಜ ಇಳಿದಳು.

ಬಂದವಳು ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಆಮೇಲೆ ಹಿಂಡಿ ಚೀಲದ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನೂ ಕೂತೆ. ಮಧ್ಯಾಹ್ನದ ಗಾಳಿ ಜೋಳದ ಗರಿಗಳ ಮೇಲೆ ಓಡಾಡುತ್ತಿತ್ತು. ದೂರದಲ್ಲಿ ಯಾರೋ ಎಮ್ಮೆಗೆ ಬೈಯುತ್ತಿದ್ದರು, ಆ ಬೈಗುಳವೂ ಹಾಡಿನ ಹಾಗೆ ಕೇಳುತ್ತಿತ್ತು. ಹಿಂಡಿಯ ವಾಸನೆಗೆ ಒಂದು ಹಸು ಬಂದು ಸ್ವಲ್ಪ ದೂರದಲ್ಲಿ ನಿಂತು, ಮರ್ಯಾದಸ್ಥರ ಹಾಗೆ ಕಾಯುತ್ತಿತ್ತು. ನನಗೆ ಆ ಹೊತ್ತಿನಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಬಹಳ ದಿನದ ಮೇಲೆ ಇಬ್ಬರೂ ಒಂದೇ ಕಡೆ ಮುಖ ಮಾಡಿ ಕೂತಿದ್ದೆವು.

ಯಾಕೆ ಪಟ್ಟಾ ತೆಗೆಸಿದಿರಿ ಅಂತ ಕೇಳಿದಳು. ನಿನಗೋಸ್ಕರ ಅಂದೆ.

"ನನಗ ಅಂತ ಗಾಡಿ ನಡ ಮುರಿದ್ರಿ," ಅಂದಳು. ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು. ಚಟ್ನಿ ಬಡಿಸುತ್ತ ಮತ್ತೆ ಶುರು ಮಾಡಿದಳು. "ಅಲ್ರೀ, ಒಂದು ಮಾತು ಕೇಳ್ತೀನಿ. ಪಕ್ಕದ ಮನಿಯಿಂದ ಸಾರಿನ ಪಾತ್ರಿ ಬಂದ್ರ ನಾವು ಹಂಗ ಖಾಲಿ ಕಳಸ್ತೀವೇನು? ಒಂದು ಹಿಡಿ ಸಕ್ರಿನಾದ್ರೂ ಹಾಕಿ ಕಳಸ್ತೀವಿ. ನೀವು ಮಾತ್ರ ಇಷ್ಟು ದೊಡ್ಡ ಗಾಡಿ ಪ್ರತಿ ಸಲಾನೂ ಖಾಲಿ ತರ್ತೀರಿ. ಅದು ನೆಗಿದೆ ಏನ್ ಮಾಡ್ತತಿ?"

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಸೊರಬದ ಕಡೆಯ ಜನ ಯಾರನ್ನೂ ಬರಿಗೈಯಲ್ಲಿ ಕಳಿಸುವವರಲ್ಲ. ಹಿಂಡಿ ಇಳಿಸಿದ ಮನೆಯವರು ಕುಂಬಳಕಾಯಿ ತರುತ್ತಾರೆ, ಬಾಳೆಗೊನೆ ತರುತ್ತಾರೆ, ಕಾಲಕ್ಕೆ ಅನಾನಸ್ ತರುತ್ತಾರೆ. ಗಾಡಿಗೆ ಹಾಕಲು ಬರುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಇದು ನನ್ನ ಹಳೆಯ ನಿಯಮ. ಕುಂಬಳಕಾಯಿ ತಿಂದವನು ಚೀಲದ ಮೇಲೆ ಹತ್ತು ರೂಪಾಯಿ ಹೇಗೆ ಏರಿಸುತ್ತಾನೆ? ಬಾಯಿ ಬರುವುದಿಲ್ಲ. ವ್ಯಾಪಾರಿ ಯಾರ ಋಣದಲ್ಲೂ ಇರಬಾರದು. ಆ ನಿಯಮದಿಂದ ನಾನು ಮೇಲೆ ಬಂದೆ ಅಂತಲೇ ನನ್ನ ನಂಬಿಕೆ. ಆ ನಿಯಮದಿಂದಲೇ ಗಾಡಿ ಖಾಲಿ ಬರುತ್ತಿತ್ತು ಅಂತ ಮಾತ್ರ ಹೊಳೆದಿರಲಿಲ್ಲ.

ಬಿಟ್ಟಿ ಬೇಡವಾದರೆ ದುಡ್ಡು ಕೊಟ್ಟು ತೆಗೆದುಕೊಳ್ಳಿ ಅಂದಳು ಸರೋಜ. ಅಲ್ಲಿಯ ಕುಂಬಳಕಾಯಿ, ಅಲ್ಲಿಯ ಅಕ್ಕಿ, ಆಲೆಮನೆ ಕಾಲದಲ್ಲಿ ಡಬ್ಬಿಗಟ್ಟಲೆ ಜೋನಿಬೆಲ್ಲ. ಶಿಕಾರಿಪುರದಲ್ಲಿ ಕೇಳುವವರಿಲ್ಲವೇ? ಮಾರುವ ಜವಾಬ್ದಾರಿ ನನ್ನದು ಅಂದಳು. ಆಮೇಲೆ, ಎಮ್ಮೆಗೆ ಬೈಯುತ್ತಿದ್ದ ದಿಕ್ಕಿಗೆ ನೋಡುತ್ತ, ಇನ್ನೊಂದು ಮಾತು ಹೇಳಿದಳು:

"ನನಗೂ ಮನ್ಯಾಗ ಕುಂತು ಸಾಕಾಗೇತಿ."

ಆಟೋ ಬಂತು. ಇಳಿಸಿದ್ದ ಚೀಲ ಅದಕ್ಕೆ ಹೇರಿದೆವು. ಉಳಿದರ್ಧ ಹೊತ್ತ ನನ್ನ ಗಾಡಿ ಮೆಲ್ಲಗೆ ಹೊರಟಿತು. ಎಡಗಡೆ ಸೀಟಿನಲ್ಲಿ ಸರೋಜ. ಬಾಟಲಿಯನ್ನು ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಹಿಂಡಿ ಇಳಿಸಿ ನೆಟ್ಟಗೆ ಕುಲುಮೆಗೆ ಹೋದೆವು. ನನ್ನ ಪಟ್ಟಾ ನನಗೆ ಕೊಡಿ, ಈಳಿಗೆ ಬೇಡ, ನಾಲ್ಕು ದಿನ ಇಟ್ಟುಕೊಂಡಿದ್ದಕ್ಕೆ ಏನಾದರೂ ಕೊಡುತ್ತೇನೆ ಅಂತ ಮಾತು ಜೋಡಿಸಿಕೊಂಡೇ ಇಳಿದೆ. ಕಾಳಾಚಾರ್ರು ನಗುನಗುತ್ತ ಒಳಗೆ ಹೋದರು. ತಂದು ಇಟ್ಟರು. ಹಲಸಿನ ಮಣೆ, ಅದರ ಮೇಲೆ ಬೆಳ್ಳಗೆ ಹೊಳೆಯುವ ಈಳಿಗೆ, ಕೊಕ್ಕರೆಯ ಕತ್ತಿನ ಹಾಗೆ ಬಾಗಿದ್ದು. ಗೋಡೆಗೆ ಒರಗಿಸಿದ್ದ ಮೂರು ಹೊಸ ಕತ್ತಿಗಳನ್ನೂ ತೋರಿಸಿದರು. ಎರಡು ಪಟ್ಟಾದಲ್ಲಿ ಉಳಿದದ್ದು ಒಂದು ಗೇಣು.

ವಾಪಸ್ ಪಟ್ಟಾ ಮಾಡಲು ಬರುತ್ತದೆಯೇ ಅಂತ ಕೇಳಿದೆ. ಆಸೆ, ಏನು ಮಾಡುವುದು?

"ಮದುವೆ ಆದ ಹೆಣ್ಣನ್ನ ವಾಪಸ್ ಕೇಳ್ದಂಗಾತು ಮಾರಾಯ್ರೆ," ಅಂದರು ಆಚಾರ್ರು. ಆಮೇಲೆ ಸರೋಜಳ ಕಡೆ ತಿರುಗಿ, "ಅಮ್ಮ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಮೊಂಡಾಗೂದಿಲ್ಲ," ಅಂದರು.

ಸರೋಜ ಹಿತ್ತಲ ಕಡೆಯ ಬಳ್ಳಿಯಿಂದ ಒಂದು ಹೀರೇಕಾಯಿ ಕೇಳಿ ಪಡೆದು, ಅಲ್ಲೇ ಮಣೆಯ ಮೇಲೆ ಕೂತು ಹೆಚ್ಚಿ ನೋಡಿದಳು. ಬೆಣ್ಣೆಯ ಹಾಗೆ ಹೋಯಿತು. ನನ್ನ ಎದೆಯೊಳಗೂ ಏನೋ ಹಾಗೇ ಹೋಯಿತು.

ಸಲೀಮ್ ನನ್ನನ್ನು ಕಂಡವನೇ ಚಹಾ ತರಿಸಿದ. ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಅವನು ಬೈದಿದ್ದರೆ ವಾಸಿ ಇತ್ತು, ಬೈದವನ ಹತ್ತಿರ ಚೌಕಾಸಿ ಮಾಡಬಹುದು. ಹೊಸ ಪಟ್ಟಾ ಶಿವಮೊಗ್ಗದಿಂದ ಬರಬೇಕು. ಬಂದದ್ದನ್ನು ಹಳೆಯ ಕಮಾನಿನ ಬಾಗಿಗೆ ಹೊಂದಿಸಬೇಕು. ಉಜ್ಜುವುದು, ಬುಷ್ಷು, ಶಾಕ್ ಅಬ್ಸಾರ್ಬರ್, ಮೊದಲು ಬೇಡ ಅಂದದ್ದೆಲ್ಲ ಈಗ ಬೇಕು. ಅವನು ಹೇಳಿದ್ದನ್ನು ನಾನು ಕೊಟ್ಟೆ. ಹೆಚ್ಚು ಕಡಿಮೆ ಏನಾದರೂ ಮಾಡು ಅಂತ ಬಾಯಿ ತೆರೆದೆ. ಸರೋಜ ಮೆಲ್ಲಗೆ ಕೆಮ್ಮಿದಳು. ಮುಚ್ಚಿದೆ. ಅದೇ ಏಳು ಸಾವಿರ ಚಿಲ್ಲರೆ.

ಗಾಡಿ ಬಿಟ್ಟು ಬಸ್ಸಿನಲ್ಲಿ ಊರಿಗೆ ಹೊರಟೆವು. ಸಿಕ್ಕಿದ್ದು ಕೊನೆಯ ಸಾಲಿನ ಸೀಟು. ಈಳಿಗೆಮಣೆಯನ್ನು ಗೋಣಿತಾಟಿನಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದಳು. ರಸ್ತೆಯ ಮೊದಲ ಉಬ್ಬಿಗೇ ಇಬ್ಬರೂ ಸೀಟು ಬಿಟ್ಟು ಎದ್ದೆವು. ಅವಳು ಮುಂದಿನ ಕಂಬಿ ಹಿಡಿದುಕೊಂಡು, ಕಂಡಕ್ಟರಿಗೂ ಕೇಳುವ ಹಾಗೆ, "ಇದಕ್ಕೂ ಎರಡು ಪಟ್ಟಾ ತಗಸ್ತೀರೇನ್ರೀ?" ಅಂದಳು. ನಾನು ಕಿಟಕಿಯ ಆಚೆ ನೋಡಿದೆ. ನಗು ತಡೆಯಲಾಗದೆ ಅವಳ ಸೊಂಟಕ್ಕೇ ಮತ್ತೆ ನೋವಾಯಿತು.

ಇದಾಗಿ ಒಂದು ತಿಂಗಳು. ಈಗ ನಮ್ಮ ಗಾಡಿ ಖಾಲಿ ಬರುವುದಿಲ್ಲ. ಪೂರ್ತಿ ಲೋಡೂ ಅಲ್ಲ. ನಾಲ್ಕಾರು ಚೀಲ ಅಕ್ಕಿ, ಒಂದಷ್ಟು ಕುಂಬಳಕಾಯಿ, ಕ್ಯಾಬಿನ್ನಿನ ಹಿಂದೆಯೇ ಆನಿಸಿ ಕಟ್ಟಿರುತ್ತೇವೆ. ಕಮಾನು ಅಷ್ಟಕ್ಕೇ ಸಮಾಧಾನವಾಗಿ, ಒಪ್ಪಿಕೊಂಡ ಹಾಗೆ ತಲೆಯಾಡಿಸುತ್ತ ಬರುತ್ತದೆ. ಸರೋಜ ಬರುತ್ತಾಳೆ. ಸೊಂಟ ಸರಿಯಿದೆ. ಕುಂಬಳಕಾಯಿಯ ರೇಟನ್ನು ಅವಳೇ ಮಾತಾಡುತ್ತಾಳೆ, ನಾನು ಗಾಡಿಯಲ್ಲಿ ಕೂತಿರುತ್ತೇನೆ. (ನನಗಿಂತ ಕಡಿಮೆಗೆ ತರುತ್ತಾಳೆ. ಇದನ್ನು ಯಾರಿಗೂ ಹೇಳಬೇಡಿ.)

ಎಲ್ಲ ಸರಿಹೋಯಿತಲ್ಲ ಅಂತೀರಾ?

ಕೇಳಿ. ಹೋದ ವಾರ ಸೊರಬ ಬಿಟ್ಟೆವು. ಅವತ್ತು ಒಂದು ಮುಖ್ಯ ವಿಷಯ ಇತ್ತು. ಕ್ಯಾಸನೂರಿನ ಆಚೆ ಒಬ್ಬರು ನನ್ನ ಜೊತೆ ಪಾಲಿಗೆ ಸೇರಿ ಅಲ್ಲೇ ಒಂದು ಹಿಂಡಿ ಅಂಗಡಿ ಹಾಕೋಣ ಅಂದಿದ್ದರು. ಮಾತು ಸಿಹಿಯಾಗಿತ್ತು, ಕಾಫಿಯೂ ಸಿಹಿಯಾಗಿತ್ತು. ಮನುಷ್ಯ ಹೇಗೆ? ನನಗೆ ತಿಳಿಯಲಿಲ್ಲ. ಸರೋಜಳಿಗೆ ತಿಳಿದಿರುತ್ತದೆ. ಕೇಳೋಣ ಅಂತ ಊರು ದಾಟುವವರೆಗೆ ಕಾದೆ. ಬಿಸಿಲು ಇಳಿದಿತ್ತು, ಕೆರೆಯೊಂದರ ಮೇಲೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಗಾಡಿ ಏಳುತ್ತ ಇಳಿಯುತ್ತ ಬರುತ್ತಿತ್ತು. ಏನಂತೀಯ ಅವರ ವಿಷಯ ಅಂತ ತಿರುಗಿ ನೋಡಿದೆ.

ಅವಳ ತಲೆ ಕಿಟಕಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮಡಿಲಲ್ಲಿ ಕೈಗಳು ಹಸುಗೂಸಿನ ಹಾಗೆ ಮಡಿಚಿದ್ದವು.

ಎಬ್ಬಿಸಲು ಮನಸ್ಸು ಬರಲಿಲ್ಲ. ಗೇರ್ ಬದಲಿಸಿದ್ದೂ ಕೇಳದ ಹಾಗೆ ಮೆಲ್ಲಗೆ ಓಡಿಸಿದೆ. ಏಳು ಸಾವಿರ ಕೊಟ್ಟು ಕೊಂಡ ನಿದ್ದೆ ಅದು, ಕೆಡಿಸಲಾಗುತ್ತದೆಯೇ? ಬಳ್ಳಿಗಾವಿ ತಿರುವು ಬಂತು, ನಾವು ಬುತ್ತಿ ಉಂಡ ಮರ ಹಿಂದೆ ಹೋಯಿತು. ಅಂಗಡಿಯ ಮಾತು ಹಾಗೇ ಉಳಿಯಿತು. ಮನೆಗೆ ಬಂದರೆ ನನಗೆ ಫೋನು, ಅವಳಿಗೆ ಒಲೆ. ಅಲ್ಲಿಯವರು ಉತ್ತರ ಕೇಳಿ ಎರಡು ಸಲ ಫೋನ್ ಮಾಡಿದರು. ನಾನು ಕೆಮ್ಮಿ ಕಾಲ ತಳ್ಳಿದೆ.

ಮೊನ್ನೆ ಮತ್ತೆ ಹೋಗಿದ್ದೆವು. ಬರುವಾಗ ಮತ್ತೆ ನಿದ್ದೆ. ಶಿರಾಳಕೊಪ್ಪ ದಾಟಿದ ಮೇಲೆ ಎಡಕ್ಕೆ ಒಂದು ಗುಂಡಿ ಇದೆ. ಹಳೆಯ ಗುಂಡಿ, ನನಗೆ ಚೆನ್ನಾಗಿ ಪರಿಚಯ. ಬಲಕ್ಕೆ ಸ್ವಲ್ಪ ಎಳೆದುಕೊಂಡರೆ ತಪ್ಪಿಸಬಹುದು. ಯಾವತ್ತೂ ತಪ್ಪಿಸಿದ್ದೇನೆ.

ಮೊನ್ನೆ ತಪ್ಪಿಸಲಿಲ್ಲ.

ಗಾಡಿ ಒಮ್ಮೆ ಮೆತ್ತಗೆ ನೆಗೆಯಿತು. ಕುಂಬಳಕಾಯಿಗಳು ಒಂದಕ್ಕೊಂದು ತಾಗಿದವು. ಸರೋಜ ಕಣ್ಣು ಬಿಟ್ಟು, ಎಲ್ಲಿಗೆ ಬಂದೆವು ಅಂದಳು. ಹೇಳಿದೆ. ಸೆರಗು ಸರಿಮಾಡಿಕೊಂಡು ಹೊರಗೆ ನೋಡಿದಳು. ನಾನು ಕೇಳುವ ಮೊದಲೇ ಅಂದಳು:

"ಆ ಪಾಲಿನ ಅಂಗಡಿ ಬ್ಯಾಡ್ರಿ. ಅವರ ಮನಿ ಎಮ್ಮಿ ಭಾಳ ಸಣ್ಣಗಾಗೇತಿ. ಹಿಂಡಿ ಮಾರೋರು ಮೊದ್ಲು ತಮ್ಮ ಎಮ್ಮಿಗೆ ತಿನ್ನಸ್ಲಿ."

ನೋಡಿ, ನಾನು ಕಾಫಿ ಕುಡಿಯುತ್ತ ಕೂತಿದ್ದೆ, ಅವಳು ಎಮ್ಮೆ ನೋಡಿ ಬಂದಿದ್ದಳು. ಶಿಕಾರಿಪುರದ ದೀಪಗಳು ಕಾಣುವವರೆಗೆ ಮಾತಾಡಿದೆವು.

ಈಗ ನಿಮಗೆ ಹೇಳುವುದು. ಪಿಕಪ್ ಇಟ್ಟುಕೊಂಡವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಿ. ಖಾಲಿ ಗಾಡಿ ನೆಗೆಯುತ್ತದೆ ಅಂತ ಯಾವ ಕಾರಣಕ್ಕೂ ಪಟ್ಟಾ ತೆಗೆಸಬೇಡಿ, ತೆಗೆಸಿದರೂ ಕುಲುಮೆಯ ಕಡೆ ಹೋಗಬೇಡಿ. ಖಾಲಿ ಇದ್ದಾಗ ಹಿಂದಿನ ಟೈರಿನ ಗಾಳಿಯನ್ನು ಗಾಡಿಯ ಜೊತೆ ಬರುವ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಇಳಿಸಿ. ಲೋಡ್ ಹೇರುವ ಮೊದಲು ಮರೆಯದೆ ತುಂಬಿಸಿ, ಇಲ್ಲದಿದ್ದರೆ ಟೈರ್ ಕಾದು ಒಡೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಕಮಾನು ಬಿಚ್ಚಿಸಿ ಪಟ್ಟಾಗಳ ನಡುವಿನ ತುಕ್ಕು ಉಜ್ಜಿಸಿ. ತುಕ್ಕು ಹಿಡಿದ ಪಟ್ಟಾಗಳು ಒಂದರ ಮೇಲೊಂದು ಜಾರುವುದಿಲ್ಲ, ಅರ್ಧ ಏಟು ಅದರಿಂದಲೇ. ಒಣಗಿದ ಬುಷ್ ಮೇಲೆ ದುಡ್ಡು ಉಳಿಸಬೇಡಿ. ಬರುವಾಗ ಏನೂ ಸಿಗದಿದ್ದರೆ ನಾಲ್ಕು ಮರಳಿನ ಚೀಲವಾದರೂ ಇರಲಿ, ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದೆ, ಅಲುಗದ ಹಾಗೆ ಕಟ್ಟಿ. ಮರಳಿಗಿಂತ ಕುಂಬಳಕಾಯಿ ವಾಸಿ, ಅದನ್ನು ಮಾರಬಹುದು. ಮೆಕ್ಯಾನಿಕ್ಕಿನ ಹತ್ತಿರ ಕೂಲಿಗೆ ಚೌಕಾಸಿ ಮಾಡಿ, ಕೆಲಸಕ್ಕೆ ಮಾಡಬೇಡಿ.

ಇನ್ನೊಂದು. ರಸ್ತೆಯ ಗುಂಡಿಗಳನ್ನೆಲ್ಲ ತಪ್ಪಿಸಿಕೊಂಡೇ ಓಡಿಸಿ, ಮನೆ ಹತ್ತಿರದ ಒಂದನ್ನು ಮಾತ್ರ ಬಿಟ್ಟು.